ಪ್ರಾರ್ಥನೆಯಲ್ಲಿ ಪ್ರದೀಪನ ಹೆಸರು

ವಾಸಂತಿ ಮೊದಲ ಸಲ ನಮ್ಮ ಹೋಟೆಲಿಗೆ ಬಂದಾಗ ಸಾಂಬಾರಿನಲ್ಲಿ ತಪ್ಪು ಹುಡುಕಿದಳು. ಅಲಿಪುರದ ಕೋರ್ಟಿನ ವಕೀಲರು ಬಟ್ಟಲ ಮೇಲೆ ಬಟ್ಟಲು ಹಾಕಿಸಿಕೊಂಡು ಕುಡಿಯುವ ಸಾಂಬಾರು ಅದು. ಇವಳು ಒಂದು ಚಮಚ ಬಾಯಿಗಿಟ್ಟು, "ಇದರಾಗ ಬೆಲ್ಲಾ ಯಾಕ ಹಾಕೀರಿ?" ಎಂದು ಕನ್ನಡದಲ್ಲೇ ಕೇಳಿದಳು. ಗೋಡೆಯ ಮೇಲಿನ ಉಡುಪಿ ಕೃಷ್ಣನ ಪಟ ನೋಡಿ ನಾವು ಯಾವ ಕಡೆಯವರೆಂದು ತಿಳಿದುಕೊಂಡಿದ್ದಳು. "ಉಡುಪಿಯವರು ಮಾಡುವುದೇ ಹಾಗೆ. ಬೇಡದಿದ್ದರೆ ಚಟ್ನಿ ಉಂಟು" ಎಂದೆ. ಅವಳು ಚಟ್ನಿಯಲ್ಲಿ ಇಡ್ಲಿ ತಿಂದು ಎದ್ದು ಹೋದಳು. ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಿದ್ದೆ. ಮುಂದಿನ ಭಾನುವಾರ ಮತ್ತೆ ಬಂದಳು, ಮತ್ತೆ ಅದೇ ಮಾತು ಹೇಳಿದಳು.

ನಾನು ಮುಕ್ತಾ. ನನ್ನ ಗಂಡ ಮುರಾರಿ ಗಲ್ಲೆಯ ಮೇಲೆ ಕೂರುತ್ತಾರೆ, ಅಡುಗೆಮನೆ ನನ್ನದು. ಹೋಟೆಲಿನ ಜೊತೆಗೆ ಮದುವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆಗಳ ಅಡುಗೆಯನ್ನೂ ಹಿಡಿಯುತ್ತೇವೆ. ನಮ್ಮ ಕಡೆಯಿಂದ ಎರಡು ದಿನದ ರೈಲು ದೂರದ ಈ ಊರಿನಲ್ಲಿ ದಕ್ಷಿಣದ ಕಡೆಯವರು ಯಾರು ಸತ್ತರೂ ಹನ್ನೆರಡನೆಯ ದಿನದ ಪಾಯಸ ಹೆಚ್ಚುಕಡಿಮೆ ನನ್ನ ಕೈಯದ್ದೇ. ಹಾಗಾಗಿ ಸಾವಿನ ಬಗ್ಗೆ ನನಗೆ ಹೆಚ್ಚು ನಡುಕವಿಲ್ಲ. ಅಕ್ಕಿ ಎಷ್ಟು, ಬಾಳೆಲೆ ಎಷ್ಟು ಎಂದು ಕೇಳುವುದು ನನ್ನ ಕೆಲಸ.

ವಾಸಂತಿ ಗದಗ ಬೆಟಗೇರಿಯವಳು. ಕ್ರೈಸ್ತರು, ಪ್ರೊಟೆಸ್ಟೆಂಟರು, ಅಜ್ಜನ ಕಾಲದಿಂದ ಅದೇ ಸಭೆಯವರು. ಅವರು ತಮ್ಮ ಮಂಡಳಿಗೆ ಸಭೆ ಎನ್ನುತ್ತಾರೆ. ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದ ಹುಡುಗಿಯನ್ನು ಸಭೆಯ ಹಿರಿಯರೇ ಆರಿಸಿ, ಪಾದ್ರಿಗಳ ಓದು ಓದಲು ಇಲ್ಲಿನ ಕಾಲೇಜಿಗೆ ಕಳಿಸಿದ್ದರು. "ಹೆಂಗಸರೂ ಪಾದ್ರಿ ಆಗುವುದುಂಟಾ?" ಎಂದು ಕೇಳಿದ್ದೆ. "ಆಗ್ತಾರ್ರಿ ಅಕ್ಕಾರ. ಗಂಡಸರಿಗೆ ನಮ್ಮಲ್ಲಿ ಅಯ್ಯನವರು ಅಂತಾರು. ನನಗ ಏನಂತಾರೋ ನೋಡಬೇಕು" ಎಂದು ನಕ್ಕಿದ್ದಳು. ಓದಿನ ಭಾಗವಾಗಿ ಪ್ರತಿ ಭಾನುವಾರ ಖಿದಿರ್‌ಪುರದ ಒಂದು ಇಗರ್ಜಿಯಲ್ಲಿ ಮಕ್ಕಳಿಗೆ ಪಾಠ ಹೇಳಬೇಕು. ಅದು ಮುಗಿದ ಮೇಲೆ ನಮ್ಮಲ್ಲಿಗೆ ಬರುತ್ತಿದ್ದಳು. ಕ್ರಮೇಣ ಹೋಟೆಲಿನ ಮೇಜು ಬಿಟ್ಟು ಹಿಂದಿನ ಮನೆಯಲ್ಲೇ ಊಟ ಮಾಡತೊಡಗಿದಳು. ನನ್ನ ಮಗಳು ಸಿಂಧೂರ ಅವಳನ್ನು ದೀದಿ ಎನ್ನುತ್ತಿದ್ದಳು. ನಮ್ಮ ಮಾತಿಗೆ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿ, ವಾಸಂತಿಯನ್ನು ನಗಿಸಲೆಂದೇ ಗದಗದ ಕನ್ನಡ ಕಲಿತಳು. ನಮ್ಮ ಕನ್ನಡ ಮಾತ್ರ ಅವಳಿಗೆ ಬಾರದು.

ವಾಸಂತಿಗೆ ಒಬ್ಬ ತಮ್ಮ, ಪ್ರದೀಪ. ಅಪ್ಪ ಹೋಗಿ ಬಹಳ ಕಾಲವಾಗಿತ್ತು. ತಾಯಿ ಹೊಲಿಗೆ ಕಲಿಸಿ ಇಬ್ಬರನ್ನೂ ಬೆಳೆಸಿದವರು. ಈ ಪ್ರದೀಪ ಹಡಗಿನ ಕೆಲಸದ ತರಬೇತಿ ಮಾಡಿಕೊಂಡು ಖಿದಿರ್‌ಪುರದ ಡಾಕಿನಿಂದ ಮೊದಲ ಹಡಗು ಹತ್ತಿದ. ಹತ್ತುವ ಹಿಂದಿನ ದಿನ ಅಕ್ಕನ ಜೊತೆ ಬಂದು ನಮ್ಮಲ್ಲಿ ಮೂರು ಮಸಾಲೆ ದೋಸೆ ತಿಂದ. ಗದಗದ ಹುಡುಗ, ಕೆರೆಗಿಂತ ದೊಡ್ಡ ನೀರು ಕಾಣದೆ ಬೆಳೆದವನು. "ಈಜು ಬರ್ತದಾ?" ಎಂದು ನಾನು ಕೇಳಿದೆ. "ಹಡಗಕ್ಕ ಬರ್ತೈತಲ್ರಿ, ಸಾಕು" ಎಂದ. ಸಾಂಬಾರು ಚೆನ್ನಾಗಿದೆ ಎಂದ ಗದಗಿನವನು ಅವನೊಬ್ಬನೇ.

ಮೊದಲ ಪ್ರಯಾಣ ಮುಗಿಸಿ ಊರಿಗೆ ಹೋಗಿ ಬಂದ. ಎರಡನೆಯ ಪ್ರಯಾಣದಲ್ಲಿ ಶ್ರೀಲಂಕಾ ದಾಟಿದ ಮೇಲೆ ಒಂದು ಬೆಳಿಗ್ಗೆ ಕೆಲಸಕ್ಕೆ ಬರಲಿಲ್ಲ. ಹಡಗನ್ನೆಲ್ಲ ಜಾಲಾಡಿದರು. ಸಮುದ್ರ ಶಾಂತವಾಗಿತ್ತಂತೆ, ಗಾಳಿಯೂ ಇರಲಿಲ್ಲವಂತೆ. ಬಂದ ದಾರಿಯಲ್ಲೇ ಹಡಗು ಹಿಂದೆ ತಿರುಗಿ ಹುಡುಕಿ, ಏನೂ ಸಿಗದೆ, ಮುಂದೆ ಹೋಯಿತು. ಜಾರಿ ಬಿದ್ದನೋ ಏನೋ, ನೋಡಿದವರು ಯಾರೂ ಇಲ್ಲ. ಹಡಗಿನ ಕಂಪನಿಯವರು ತಾಯಿಗೆ ಫೋನು ಮಾಡಿ ಕಾಣೆಯಾಗಿದ್ದಾನೆ ಎಂದರು. ಆಕೆ ಆ ಮಾತನ್ನು ಹಿಡಿದುಕೊಂಡರು. ಕಾಣೆಯಾಗಿದ್ದಾನೆ ಎಂದರೆ ಸತ್ತಿದ್ದಾನೆ ಎಂದಲ್ಲ. ಮೀನಿನ ದೋಣಿಯವರು ಎತ್ತಿಕೊಂಡಿರಬಹುದು, ಭಾಷೆ ಗೊತ್ತಿಲ್ಲದ ಯಾವುದೋ ದೇಶದ ಜೈಲಿನಲ್ಲಿರಬಹುದು. ಸಭೆಯವರು ಮನೆಗೆ ಬಂದು ಸಾಂತ್ವನದ ಕೂಟ ಮಾಡೋಣವೇ ಎಂದಾಗ ಚಹಾ ಕೊಟ್ಟು ಕಳಿಸಿಬಿಟ್ಟರಂತೆ.

ಇಲ್ಲಿ ಅವರ ಒಂದು ಕ್ರಮ ಹೇಳಬೇಕು. ನನಗೂ ಇದು ಗೊತ್ತಿರಲಿಲ್ಲ. ಅವರ ಸಭೆಯಲ್ಲಿ ಬದುಕಿದ್ದವರಿಗಾಗಿ ದೇವರಲ್ಲಿ ಬೇಡಬಹುದು. ಸತ್ತವರಿಗಾಗಿ ಬೇಡುವಂತಿಲ್ಲ. ಸತ್ತವನು ದೇವರ ಕೈಗೆ ಸೇರಿದ, ಇನ್ನು ನಾವು ಬೇಡುವುದು ಏನೂ ಉಳಿದಿಲ್ಲ ಎಂದು ಅವರ ಲೆಕ್ಕ. ಅವನು ನಮ್ಮ ನಡುವೆ ಬದುಕಿದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳಬಹುದು, ಅಷ್ಟೇ. ನಮ್ಮಲ್ಲಿ ಪೂರಾ ಉಲ್ಟಾ. ಮನುಷ್ಯ ಸತ್ತ ಮೇಲೆಯೇ ಅವನ ಹೆಸರಿನಲ್ಲಿ ನಿಜವಾದ ಗದ್ದಲ ಶುರು. ಪಿಂಡ, ಮಾಸಿಕ, ವರ್ಷದ ಶ್ರಾದ್ಧ, ಆಮೇಲೂ ಪ್ರತಿ ವರ್ಷ. ಅದಿಲ್ಲದಿದ್ದರೆ ನನ್ನ ದೊಡ್ಡ ಹಂಡೆಗಳು ಅರ್ಧ ವರ್ಷ ಕವುಚಿಕೊಂಡೇ ಇರುತ್ತವೆ.

ಅವಳ ಕಾಲೇಜಿನಲ್ಲಿ ದಿನಾ ಸಂಜೆ ಪ್ರಾರ್ಥನೆ. ಮೊದಲು ರೋಗಿಗಳು, ಪ್ರಯಾಣದಲ್ಲಿರುವವರು, ಸಮುದ್ರದ ಮೇಲಿರುವವರು, ಇವರ ಹೆಸರನ್ನು ನಡೆಸುವವರು ಹೇಳಿದ ಹಾಗೆ ಎಲ್ಲರೂ ಹೇಳಿ ಕಾಪಾಡು ಎಂದು ಬೇಡುವುದು. ಕೊನೆಯಲ್ಲಿ ತೀರಿಕೊಂಡವರ ಹೆಸರು ಹೇಳಿ ಕೃತಜ್ಞತೆ ಸಲ್ಲಿಸುವುದು. ಪ್ರದೀಪ ಹಡಗು ಹತ್ತಿದ ದಿನದಿಂದ ಅವನ ಹೆಸರು ಮೊದಲ ಭಾಗದಲ್ಲಿತ್ತು. ಕಾಣೆಯಾದ ಮೇಲೂ ಅಲ್ಲೇ ಉಳಿಯಿತು. ಅದನ್ನು ಅಲ್ಲಿಂದ ತೆಗೆದು ಕೊನೆಯ ಭಾಗಕ್ಕೆ ಹಾಕಿದ ದಿನ ಅವನು ಸತ್ತ ಹಾಗೆ. ಅದನ್ನು ತೀರ್ಮಾನಿಸುವುದು ಅಕ್ಕನ ಪಾಲಿಗೆ ಬಂದಿತ್ತು, ಏಕೆಂದರೆ ತಾಯಿ ಮಾಡುವುದಿಲ್ಲ. ತಾಯಿ ದಿನಾ ಸಂಜೆ ಫೋನು ಮಾಡುತ್ತಿದ್ದರು. ಊಟ ಆಯಿತಾ, ಓದು ಹೇಗಿದೆ, ಇಂಥದ್ದೇನೂ ಇಲ್ಲ. ಒಂದೇ ಪ್ರಶ್ನೆ.

"ಇವತ್ತ ಅವನ ಹೆಸರು ಹೇಳಿದೇನು?"

"ಹೇಳೀನವ್ವಾ."

ಅಷ್ಟಕ್ಕೇ ಫೋನು ಇಡುತ್ತಿದ್ದರು.

ಅದು ಅವಳ ಓದಿನ ಕೊನೆಯ ವರ್ಷ. ಮಳೆಗಾಲದಲ್ಲಿ ಒಂದು ಮಧ್ಯಾಹ್ನ ವಾಸಂತಿ ಚೀಲ ಹಿಡಿದು ಬಂದಳು. ಊರಿಗೆ ಹೊರಟಿದ್ದೇನೆ, ಓದು ಸಾಕು ಎಂದಳು. ಕಾಲೇಜಿಗೆ ಇನ್ನೂ ಹೇಳಿರಲಿಲ್ಲ. ಮುರಾರಿ ಗಾಬರಿಯಾಗಿ ನನ್ನ ಮುಖ ನೋಡಿದರು. ನಾನು ಬಡಿಸಿದೆ.

"ಎಂತ ಆಯ್ತು ಮಾರಾಯ್ತಿ, ಪರೀಕ್ಷೆ ಕಷ್ಟವಾ?"

"ಪರೀಕ್ಷಾ ಬರೀತೀನ್ರಿ. ಪ್ರಾರ್ಥನಾ ಬರವಲ್ತು." ಅನ್ನ ಕಲಸುತ್ತಾ, ಸಾಮಾನು ಸಿಗಲಿಲ್ಲ ಎಂದು ಹೇಳುವ ದನಿಯಲ್ಲೇ ಹೇಳಿದಳು. "ಮಂದಿ ಮನೀಗೆ ಹೋಗಿ ದೇವರು ನಿಮ್ಮ ಕೂಡ ಅದಾನ ಅಂತ ಹೇಳೂ ಕೆಲಸ ನಂದು. ಅಂವ ಸತ್ತಾನ ಅಂತ ನನಗ ಗೊತ್ತೈತಿ ಅಕ್ಕಾರ. ಸತ್ತವನ್ನ ಕಾಪಾಡಪ್ಪಾ ಅಂತ ದಿನಾ ಬೇಡ್ತೀನಿ. ದೇವರಿಗೆ ಸುಳ್ಳು, ಅವ್ವಗ ಸುಳ್ಳು. ಹಿಂಗ ಸುಳ್ಳು ಹೇಳಾಕಿ ಜನರ ಮುಂದ ನಿಂತು ಏನ್ ಬೋಧನಾ ಮಾಡ್ಲಿ?"

ನನಗೆ ದೇವಶಾಸ್ತ್ರ ಬಾರದು. ಮೊಸರು ಹಾಕಿದೆ. ಅವಳು ಕೈ ತೊಳೆಯುವಷ್ಟರಲ್ಲಿ ಫೋನು ಬಂತು. ತಾಯಿ ಅಂದು ಯಾಕೋ ಬೇಗ ಮಾಡಿದ್ದರು. ಇವಳು ನಲ್ಲಿಯ ಹತ್ತಿರ ನಿಂತುಕೊಂಡು "ಹೇಳೀನವ್ವಾ" ಎಂದಳು. ಫೋನು ಇಟ್ಟು ಕೈ ಒರೆಸಿಕೊಂಡಳು. ಆಮೇಲೆ ಚೀಲ ಎತ್ತಿಕೊಂಡು, "ಸಂಜೀ ಪ್ರಾರ್ಥನಾ ಇನ್ನೂ ಆಗಿಲ್ರಿ. ಹೋಗಿ ಹೇಳಿದ್ರ ಸುಳ್ಳಾಗೂದಿಲ್ಲ" ಎಂದು ಕಾಲೇಜಿನ ಬಸ್ಸು ಹತ್ತಿದಳು. ಊರಿಗೆ ಹೋಗುವ ಮಾತು ಆಮೇಲೆ ಎತ್ತಲಿಲ್ಲ. ದಿನಾ ಸಂಜೆ ಆ ಒಂದು ಫೋನಿಗೆ ಉತ್ತರ ಕೊಡಬೇಕಲ್ಲ, ಆ ಒಂದು ಹೆಸರಿಗಾಗಿ ಪ್ರಾರ್ಥನೆಗೆ ಹೋಗುತ್ತಿದ್ದಳು. "ಅವನ ಹೆಸರು ಹೇಳ್ತೀನಿ, ಬಾಯಿ ಮುಚ್ಚತೀನಿ. ಮುಂದ ಏನೂ ಬರೂದಿಲ್ಲ" ಎಂದು ಮತ್ತೊಂದು ಭಾನುವಾರ ಹೇಳಿದಳು. ಪಾದ್ರಿಯಾಗುವವಳ ಬಂಡವಾಳ ಅಷ್ಟೇ ಉಳಿದಿತ್ತು. ತಾಯಿ ಯಾವತ್ತು ಫೋನು ನಿಲ್ಲಿಸುತ್ತಾರೋ ಅವತ್ತು ಇವಳು ಪ್ರಾರ್ಥನೆಯನ್ನೂ ಬಿಡುತ್ತಾಳೆ, ಓದನ್ನೂ ಬಿಡುತ್ತಾಳೆ ಎಂದು ನನಗೆ ಖಾತ್ರಿಯಾಗಿತ್ತು. ಮುರಾರಿಗೂ ಹಾಗೇ ಹೇಳಿದ್ದೆ.

ನವೆಂಬರಿನಲ್ಲಿ ಒಂದು ಎಡವಟ್ಟಾಯಿತು. ಆ ತಿಂಗಳ ಮೊದಲ ಭಾನುವಾರ ಅವರಲ್ಲಿ ವರ್ಷದಲ್ಲಿ ತೀರಿಕೊಂಡವರನ್ನೆಲ್ಲ ನೆನೆಯುತ್ತಾರಂತೆ. ಅಂದು ಪ್ರಾರ್ಥನೆ ನಡೆಸುವ ಸರದಿ ಮನೋಜ ಎಂಬ ಹುಡುಗನದು. ಒಡಿಶಾದವನು, ವಾಸಂತಿಯ ತರಗತಿಯವನೇ, ಬೆಣ್ಣೆಯಂಥ ಮನಸ್ಸು. ಯಾರೂ ಹೇಳದೆ ತಾನಾಗಿಯೇ ಪ್ರದೀಪನ ಹೆಸರನ್ನು ಮೊದಲ ಭಾಗದಿಂದ ಬಿಟ್ಟು, ಕೊನೆಯಲ್ಲಿ ತೀರಿಕೊಂಡವರ ಜೊತೆ ಸೇರಿಸಿ ಕೃತಜ್ಞತೆ ಹೇಳಿಬಿಟ್ಟ. ವಾಸಂತಿ ಎದ್ದು ಹೊರಗೆ ನಡೆದಳು. ನೇರ ನಮ್ಮ ಮನೆಗೆ ಬಂದಳು. ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು, "ಅಂವ ನನ್ನ ತಮ್ಮನ್ನ ಕೊಂದಾ" ಎಂದಳು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅಂದೇ.

ಮುರಾರಿ ಸಮಾಧಾನ ಮಾಡಲು ಹೋಗಿ, ನಮ್ಮಲ್ಲಿ ಮನುಷ್ಯ ಕಾಣೆಯಾಗಿ ಹನ್ನೆರಡು ವರ್ಷ ಸುದ್ದಿಯಿಲ್ಲದಿದ್ದರೆ ದರ್ಭೆಯಲ್ಲಿ ಒಂದು ಆಕಾರ ಮಾಡಿ ಅದಕ್ಕೇ ಸಂಸ್ಕಾರ ಮಾಡುತ್ತಾರೆ ಎಂದು ವಿವರಿಸತೊಡಗಿದರು. ಅವರಿಗೆ ಹೊತ್ತುಗೊತ್ತು ಇಲ್ಲ. ಆದರೆ ವಾಸಂತಿ ಮೂಗು ಒರೆಸಿಕೊಂಡು ಗಮನವಿಟ್ಟು ಕೇಳಿದಳು. "ಹನ್ನೆರಡು ವರ್ಷ ಟೈಮ್ ಕೊಡ್ತಾರಲ್ರಿ ನಿಮ್ಮಲ್ಲಿ. ಚೊಲೋ ಐತಿ" ಎಂದಳು.

ಮರುದಿನ ಮನೋಜ ಅವಳನ್ನು ಹುಡುಕಿಕೊಂಡು ಹೋಟೆಲಿಗೇ ಬಂದ. ಕೈಯಲ್ಲಿ ಬಾರುಯಿಪುರದ ಸೀಬೆಹಣ್ಣಿನ ಚೀಲ. ಅವಳು ಬಂದಿಲ್ಲ ಎಂದರೂ ಕೂತ. ಹಿಂದಿಯಲ್ಲಿ ನನ್ನ ಹತ್ತಿರವೇ ತಪ್ಪೊಪ್ಪಿಕೊಂಡ. ಅವಳು ದಿನಾ ಆ ಹೆಸರು ಬಂದಾಗ ಮುಂದಿನ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳಂತೆ. ಅದನ್ನು ನೋಡಿ ನೋಡಿ, ಯಾರಾದರೂ ಒಬ್ಬರು ಆ ಹೆಸರನ್ನು ಅಲ್ಲಿಂದ ಎತ್ತಿಬಿಟ್ಟರೆ ಅವಳ ಕೈ ಬಿಡುವಾಗುತ್ತದೆ ಎಂದುಕೊಂಡೆ ಎಂದ. ಬೈಯಬೇಕೆಂದಿದ್ದವಳು ಒಂದು ದೋಸೆ ಹಾಕಿ ಕೊಟ್ಟೆ. ಸೀಬೆಹಣ್ಣು ಅವಳಿಗೆ ತಲುಪಿಸಿದೆ, ಅವನ ಮಾತನ್ನೂ ತಲುಪಿಸಿದೆ. ಅವಳು ಹಣ್ಣು ತಿಂದಳು. "ಅಂವ ಅಂದಿದ್ದು ಸುಳ್ಳಲ್ರಿ. ಅದಕ್ಕ ಸಿಟ್ಟು ಬಂತು" ಎಂದಳು. ಕಾಲೇಜಿನಲ್ಲಿ ಹೆಸರು ಮತ್ತೆ ಮೊದಲ ಭಾಗಕ್ಕೆ ಬಂತು. ಊರಿನ ತಾಯಿಗೆ ಈ ಕಥೆ ಯಾರೂ ಹೇಳಲಿಲ್ಲ.

ಮಾರ್ಚಿನಲ್ಲಿ ತಾಯಿ ಬಂದರು. ಮಗಳಿಗೆ ಪದವಿ ಕೊಡುವ ಸಮಾರಂಭ ನೋಡಲು. ಅದಕ್ಕೂ ಮೊದಲು, ಕೊನೆಯ ವರ್ಷದವರು ದಿನಕ್ಕೊಬ್ಬರಂತೆ ಸಂಜೆಯ ಆರಾಧನೆ ನಡೆಸಿ ಗುರುಗಳಿಗೆ ತೋರಿಸಬೇಕಿತ್ತು. ವಾಸಂತಿಯದು ಕೊನೆಯ ಸರದಿ, ಸಮಾರಂಭಕ್ಕೆ ಎರಡು ದಿನ ಮೊದಲು. ಹಾಸ್ಟೆಲಿನಲ್ಲಿ ಹೊರಗಿನವರಿಗೆ ಜಾಗವಿಲ್ಲದ್ದರಿಂದ ತಾಯಿ ನಮ್ಮ ಮನೆಯಲ್ಲೇ ಇಳಿದರು, ಮಗಳೂ ರಾತ್ರಿ ಇಲ್ಲಿಗೇ ಬರುತ್ತಿದ್ದಳು. ತಾಯಿ ಸಣ್ಣ ಆಳು, ಗಟ್ಟಿ ಕೈ. ಬಂದ ಮೊದಲ ದಿನವೇ ನನ್ನ ರವಿಕೆಯ ಹರಿದ ಹೊಲಿಗೆ ನೋಡಿ ಸೂಜಿ ಕೇಳಿದರು. ಗಂಟು ಬಿಚ್ಚಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹರವಿದರು. ನಸುಕಿನಲ್ಲಿ ನನಗಿಂತ ಮೊದಲೇ ಎದ್ದು ಕೂತಿರುತ್ತಿದ್ದರು. ಮಗ ಹೋದ ಮೇಲೆ ತನಗೆ ನಿದ್ದೆ ಹತ್ತುವುದೇ ಇಲ್ಲ ಎಂದರು. ಅವರ ಬಾಯಲ್ಲಿ "ಮಗ ಹೋದ ಮ್ಯಾಲ" ಎಂಬ ಮಾತು ಕೇಳಿ ನನಗೆ ಆಶ್ಚರ್ಯವಾಯಿತು, ಆದರೆ ಕೆದಕಲಿಲ್ಲ.

ಪ್ರದೀಪ ಹಡಗು ಹತ್ತಿದ ಜಾಗ ತೋರಿಸಿ ಎಂದರು. ಮರುದಿನ ಬೆಳಿಗ್ಗೆ ನಾವು ಮೂವರು ಖಿದಿರ್‌ಪುರಕ್ಕೆ ಹೋದೆವು. ಡಾಕಿನ ಒಳಗೆ ಬಿಡುವುದಿಲ್ಲ. ಪಕ್ಕದ ಹಳೆಯ ಸೇತುವೆಯ ಮೇಲೆ ನಿಂತು ನೋಡಬೇಕು. ಕೆಳಗೆ ಕಪ್ಪು ನೀರು, ಆಚೆ ಎರಡು ತುಕ್ಕು ಹಿಡಿದ ಹಡಗು, ಕ್ರೇನು, ಲಾರಿಗಳ ಹಾರನ್ನು. ತಾಯಿ ಬಹಳ ಹೊತ್ತು ನೋಡಿದರು.

"ಇಷ್ಟ ನೀರೇನು?" ಎಂದರು.

"ಇಲ್ಲಿಂದ ನದಿ, ಮುಂದ ಸಮುದ್ರ ಅವ್ವಾ."

"ಹೋದ ಕ್ರಿಸ್‌ಮಸ್ಸಿಗೆ ಅವನ ಅಂಗಿ ಎಲ್ಲಾ ತಗದು ಓಣಿ ಹುಡುಗರಿಗೆ ಕೊಟ್ಟೆ" ಎಂದರು ತಾಯಿ. ನೀರು ನೋಡುತ್ತಲೇ ಹೇಳಿದರು. "ಚೊಲೋ ಚೊಲೋ ಅಂಗಿ ಇದ್ದೂ. ಇಟ್ಟು ಏನ್ ಮಾಡೂದು?"

ವಾಸಂತಿ ಅವರ ಕಡೆ ತಿರುಗಿದಳು. "ಕೊಟ್ಟಬಿಟ್ಟೇನು? ಅಂದ್ರ, ಅಂವ ಇಲ್ಲ ಅಂತ ನಿನಗ..."

"ನನಗೇನು ತಿಳಿಯೂದಿಲ್ಲೇನು? ಹೆತ್ತಾಕಿ ನಾ."

"ಮತ್ತ ದಿನಾ ನನಗ ಫೋನ್ ಮಾಡಿ ಹೆಸರು ಹೇಳಿದೇನು, ಹೆಸರು ಹೇಳಿದೇನು ಅಂತ ಯಾಕ ಕೇಳ್ತಿದ್ದಿ? ಮೊನ್ನೆ ರೈಲಿನಾಗಿಂದನೂ ಕೇಳಿದಿ."

"ಕೇಳದಿದ್ರ ನೀ ಪ್ರಾರ್ಥನಾ ಮಾಡೂದ ಬಿಡ್ತಿದ್ದಿ" ಎಂದರು ತಾಯಿ. "ನಿನ್ನ ದನಿಯಾಗ ಗೊತ್ತಾಗ್ತಿತ್ತು. ದೇವರ ಮ್ಯಾಲ ಸಿಟ್ಟು ಮಾಡಿ ಕುಂತಾಳ ಅಂತ. ತಮ್ಮನ ಹೆಸರಿಗಾದ್ರೂ ದಿನಕ್ಕೊಮ್ಮೆ ಅಲ್ಲಿ ಹೋಗಿ ಕೂಡ್ತಾಳ ಅಂದ್ಕೊಂಡೆ. ಒಬ್ಬಂವ ಹೋದ. ಇನ್ನೊಬ್ಬಾಕಿನೂ ದೇವರನ್ನ ಬಿಟ್ಟು ಹೋದ್ರ ನಾ ಏನ್ ಮಾಡ್ಲಿ?"

ಮಗಳು ತಾಯಿಗಾಗಿ, ತಾಯಿ ಮಗಳಿಗಾಗಿ, ಇಬ್ಬರೂ ಸೇರಿ ಸತ್ತವನನ್ನು ಅಷ್ಟು ತಿಂಗಳು ಬದುಕಿಸಿ ಇಟ್ಟಿದ್ದರು. ಇಬ್ಬರ ತಲೆಗೂ ಒಂದೊಂದು ಮೊಟಕಬೇಕು ಎನಿಸಿತು ನನಗೆ. ಮೊಟಕಲಿಲ್ಲ. ಟ್ಯಾಕ್ಸಿ ಹುಡುಕಿದೆ. ದಾರಿಯುದ್ದಕ್ಕೂ ವಾಸಂತಿ ತಾಯಿಗೆ ಬೆನ್ನು ಮಾಡಿ ಕಿಟಕಿಯಾಚೆ ನೋಡುತ್ತಿದ್ದಳು. ಮನೆ ಬಂದಾಗ ಇಳಿಯದೆ, ನೇರ ಕಾಲೇಜಿಗೆ ಹೋಗುತ್ತೇನೆ, ಸಂಜೆ ನನ್ನ ಸರದಿ ಎಂದಷ್ಟೇ ಹೇಳಿದಳು. ತಾಯಿ ಇಳಿದು ಬಾಗಿಲಲ್ಲಿ ನಿಂತರು. "ಹೇಳಬಾರದಿತ್ತೇನ್ರಿ? ಆದ್ರ ನಾಳೆ ಅಕಿ ಓದು ಮುಗಿದು ಮಂದಿ ಮುಂದ ನಿಲ್ತಾಳ. ಇನ್ನೂ ನಾನ ಕೈ ಹಿಡಿದು ನಡಸಿದ್ರ ಹೆಂಗ?" ಎಂದು ನನ್ನನ್ನು ಕೇಳಿದರು. ಮಧ್ಯಾಹ್ನದ ಊಟದ ಹೊತ್ತು, ವಕೀಲರು ಕಾಯುತ್ತಿದ್ದರು. ನಾನು ಬಡಿಸಲು ಹೋದೆ.

ಸಂಜೆ ತಾಯಿಯನ್ನು ಕರೆದುಕೊಂಡು ನಾನೇ ಕಾಲೇಜಿಗೆ ಹೋದೆ. ಮರದ ಬೆಂಚುಗಳ ಪುಟ್ಟ ಇಗರ್ಜಿ. ಮೂಲೆಯಲ್ಲಿ ಮನೋಜ ಹಾರ್ಮೋನಿಯಂ ಮುಂದೆ ಕೂತಿದ್ದ. ಗುರುಗಳು ಹಿಂದಿನ ಸಾಲಿನಲ್ಲಿ. ನಾನು ಅಲ್ಲಿಗೆ ಹೋಗಿದ್ದು ತಾಯಿಗೆ ಇಂಗ್ಲಿಷ್ ಬಾರದೆಂದು. ನನ್ನ ಇಂಗ್ಲಿಷ್ ವಕೀಲರ ಹತ್ತಿರ ಕಲಿತದ್ದು, ಆದರೂ ಅರ್ಥ ಹೇಳುವಷ್ಟು ಉಂಟು. ವಾಸಂತಿ ಬಿಳಿ ಸೀರೆ ಉಟ್ಟು ಮುಂದೆ ನಿಂತಳು. ಬೋಧನೆ ಚಿಕ್ಕದಾಗಿತ್ತು, ಒಂದೆರಡು ಕಡೆ ತಡವರಿಸಿದಳು. ಅದು ನನಗೂ ಗೊತ್ತಾಯಿತು. ಆಮೇಲೆ ಪ್ರಾರ್ಥನೆ.

ರೋಗಿಗಳ ಹೆಸರು ಹೇಳಿದಳು. ಪರೀಕ್ಷೆ ಬರೆಯುವವರಿಗಾಗಿ ಬೇಡಿದಳು. ಸಮುದ್ರದ ಮೇಲಿರುವವರು ಬಂದರು. ಇಡೀ ಇಗರ್ಜಿಗೆ ಅಲ್ಲಿ ಯಾವ ಹೆಸರು ಬರುತ್ತದೆಂದು ಗೊತ್ತು. "ಹಡಗಿನಲ್ಲಿ ದುಡಿಯುವ ಎಲ್ಲರನ್ನೂ ಕಾಪಾಡು" ಎಂದು ಇಂಗ್ಲಿಷಿನಲ್ಲಿ ಹೇಳಿ ನಿಲ್ಲಿಸಿದಳು. ಹೆಸರು ಹೇಳಲಿಲ್ಲ. ಮನೋಜ ತಲೆ ಎತ್ತಿ ನೋಡಿದ. ನಾನು ತಾಯಿಯ ಕಿವಿಯಲ್ಲಿ, "ಹಡಗಿನವರಿಗೆ ಬೇಡಿದಳು, ಹೆಸರು ಹೇಳಲಿಲ್ಲ" ಎಂದೆ. ಆಕೆ ಸುಮ್ಮನೆ ತಲೆಯಾಡಿಸಿದರು. ಹಸಿದವರು, ಜೈಲಿನಲ್ಲಿರುವವರು, ಈ ಊರಿನ ಬೀದಿಯಲ್ಲಿ ಮಲಗುವವರು, ಎಲ್ಲರೂ ಆದರು. ಕೊನೆಯ ಭಾಗಕ್ಕೆ ಬಂದಳು. ಕಾಲೇಜಿನ ಹಳೆಯ ಮಾಲಿಯೊಬ್ಬ ತೀರಿಕೊಂಡಿದ್ದ, ಅವನಿಗಾಗಿ ಕೃತಜ್ಞತೆ ಹೇಳಿದಳು. ಮತ್ತೆ ನಿಲ್ಲಿಸಿದಳು. ಅಷ್ಟು ಹೊತ್ತು ಇಂಗ್ಲಿಷಿನಲ್ಲಿದ್ದವಳು ಕನ್ನಡಕ್ಕೆ ಬಂದಳು.

"ನನ್ನ ತಮ್ಮ ಪ್ರದೀಪನನ್ನು ನಮ್ಮ ಮನೆಗೆ ಕೊಟ್ಟಿದ್ದಕ್ಕೆ ನಿನಗೆ ಸ್ತೋತ್ರ, ಕರ್ತನೇ."

ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ. ಆದರೆ ನನ್ನ ಪಕ್ಕದಲ್ಲಿ ತಾಯಿ "ಆಮೆನ್" ಎಂದರು, ಎಲ್ಲರಿಗೂ ಕೇಳುವಂತೆ. ಮಗನಿಗೆ ಅವರು ಹಾಕಿದ ಮಣ್ಣು ಅದು. ವಾಸಂತಿಯ ದನಿ ನಡುಗಲಿಲ್ಲ, ಮುಂದಿನ ಮಾತುಗಳನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಳು. ಅತ್ತವಳು ನಾನು. ಅಷ್ಟು ಜನರ ಹನ್ನೆರಡನೆಯ ದಿನಕ್ಕೆ ಪಾಯಸ ಕಾಸಿದವಳು, ನನ್ನ ಒಲೆಯ ಮುಂದೆ ನಿಂತು ದೋಸೆ ತಿಂದ ಒಬ್ಬ ಹುಡುಗನಿಗಾಗಿ ಅಲ್ಲಿ ಕೂತು ಅತ್ತೆ.

ಅಲ್ಲಿಗೆ ಮುಗಿಯಿತು ಎಂದುಕೊಂಡರೆ ನಿಜವಾದ ಚಿಂತೆ ಶುರುವಾದದ್ದು ಆಮೇಲೆ. ಮನೆಗೆ ಬಂದು ಊಟವಾಯಿತು. ವಾಸಂತಿ ತಾಯಿಯ ಜೊತೆ ಮಾತಾಡಿದಳು, ಬೆಳಗಿನ ಸಿಟ್ಟು ಇರಲಿಲ್ಲ. ಸಿಂಧೂರಳ ಜೊತೆ ನಕ್ಕಳು. ಮುಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗಿಯೇ ಬಿಟ್ಟಳು. ತಾಯಿ ಅಡುಗೆಮನೆಗೆ ಬಂದು ನನ್ನ ಹತ್ತಿರ ನಿಂತರು.

"ಪ್ರಾರ್ಥನಾ ಮಾಡಲಿಲ್ರಿ ಅಕಿ. ಸಣ್ಣಾಕಿ ಇದ್ದಾಗಿಂದ ಮಲಗೂ ಮುಂದ ಬಿಟ್ಟಾಕಿ ಅಲ್ಲ."

"ದಣಿದಿದ್ದಾಳೆ. ಇಗರ್ಜಿಯಲ್ಲಿ ಅಷ್ಟು ಮಾಡಿದಳಲ್ಲ."

"ಅದು ಪರೀಕ್ಷಾ ಇತ್ರಿ" ಎಂದರು. "ಇನ್ನ ಏನಂತ ಮಾಡ್ತಾಳು? ಬೇಡಾಕ ಒಂದ ಹೆಸರಿತ್ತು. ಅದನ್ನ ನಾನ ಕಸಗೊಂಡೆ."

ಅವರ ಮುಖ ನೋಡಿದರೆ ಸಂಕಟವಾಗುತ್ತಿತ್ತು. ನಾನೂ ಅದನ್ನೇ ಅಂದುಕೊಂಡಿದ್ದವಳಲ್ಲವೇ, ಫೋನು ನಿಂತ ದಿನ ಪ್ರಾರ್ಥನೆಯೂ ನಿಲ್ಲುತ್ತದೆ ಎಂದು. ಇನ್ನೆರಡು ದಿನಕ್ಕೆ ಹುಡುಗಿಗೆ ಪದವಿ ಕೊಡುತ್ತಾರೆ, ಜೂನಿನಲ್ಲಿ ಯಾವುದೋ ಹಳ್ಳಿಯ ಸಭೆಗೆ ಕಳಿಸುತ್ತಾರೆ. ದೇವರ ಹತ್ತಿರ ಮಾತು ಬಿಟ್ಟವಳು ಅಲ್ಲಿ ಹೋಗಿ ಏನು ಮಾಡುತ್ತಾಳೆ? ಆದರೆ ನನ್ನ ಕೈಯಲ್ಲಿ ಅದಕ್ಕೆ ಔಷಧ ಇರಲಿಲ್ಲ. ಮಲಗಿಕೊಳ್ಳಿ ಎಂದೆ.

ಬೆಳಿಗ್ಗೆ ಇಡ್ಲಿ ಬೇಯಲು ಇಟ್ಟು, ಹಾಲಿನವನಿಗೆ ಬಾಗಿಲು ತೆಗೆಯಲು ಮುಂದಿನ ಕೋಣೆಗೆ ಬಂದೆ. ವಾಸಂತಿ ಎದ್ದು ಗೋಡೆಗೆ ಒರಗಿ ಕೂತಿದ್ದಳು. ಕೂದಲು ಕೆದರಿತ್ತು, ಕಣ್ಣು ಮುಚ್ಚಿತ್ತು, ಕೈಗಳು ಮಡಿಲಲ್ಲಿದ್ದವು. ನಾನು ಹಾಲಿನವನಿಗೆ ಮಾತಾಡಬೇಡ ಎಂದು ಕೈ ಮಾಡಿದೆ. ತಾಯಿಗೆ ಎಂದಿನಂತೆ ಎಚ್ಚರವಾಗಿತ್ತು. ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡು ಮಗಳನ್ನೇ ನೋಡುತ್ತಾ ಮಲಗಿದ್ದರು. ವಾಸಂತಿ ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟಳು.

"ಏನ್ ಬೇಡಿಕೊಂಡಿ?" ಎಂದರು ತಾಯಿ.

"ಏನೂ ಬೇಡಲಿಲ್ಲ ಅವ್ವಾ. ಸುಮ್ನ ಕುಂತಿದ್ದೆ."

"ಯಾರ ಮುಂದ?"

"ದೇವರ ಮುಂದ. ಮತ್ತ ಯಾರ ಮುಂದ ಕೂಡ್ಲಿ?" ಎಂದು ವಾಸಂತಿ ಎದ್ದು ಕೂದಲು ಕಟ್ಟಿಕೊಂಡಳು.

ತಾಯಿ ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ಹೊರಳಿದರು. ನಾನು ಇಡ್ಲಿ ಇಳಿಸಿ, ಹೋಟೆಲಿಗೆ ಕಳಿಸಿ, ಚಹಾ ಮಾಡಿ ಕರೆಯಲು ಹೋದರೆ ಗೊರಕೆ ಹೊಡೆಯುತ್ತಿದ್ದರು. ಬಿಸಿಲು ಕೋಣೆಯೊಳಗೆ ಬಂದರೂ ಏಳಲಿಲ್ಲ.